ಎಡಚ

ಬೀಗ ಬರೀ ನೇತಾಡುತ್ತಿದೆ, ಹಾಕಿಲ್ಲ.
ಅದು ಗಂಗುಲಪ್ಪನಿಗೆ ಗೊತ್ತು.
ಪೂಜಾರಿ ಕಣ್ಣಿನ ಪೊರೆ ತೆಗೆಸಲು ಕೋಲಾರಕ್ಕೆ ಹೋಗಿದ್ದಾನೆ,
ದೇವರು ಮೊನ್ನೆಯ ಕಣಗಿಲೆಯಲ್ಲೇ ಇದ್ದಾನೆ.

ಮುಳಬಾಗಿಲಿನಿಂದ ಗುಂಡ್ಲಮಿಟ್ಟೆಯವರೆಗೆ ಆಟೋ,
ಆಮೇಲೆ ಕಾಲು.
ಬಂಡೆಯನ್ನೇ ಕೊರೆದು ಮಾಡಿದ ಗುಡಿ:
ಕಂಬ ಎರಡು, ಬಾಗಿಲು ಒಂದು, ಒಳಗೆ ಲಿಂಗ,
ನೆಲಕ್ಕೆ ಬಚ್ಚಲಮನೆಯ ಬಿಳಿ ಟೈಲ್ಸು,
ಒಂದೊಂದರ ಮೇಲೂ ಒಬ್ಬ ದಾನಿಯ ಇನಿಷಿಯಲ್ಲು.
ಕೈಮುಗಿಯಲು ಹೋಗಿ ನನ್ನ ಅಂಗಾಲು ಜಾರಿತು.

ಅವನು ಮುಗಿಯಲಿಲ್ಲ.
ಕಂಬಕ್ಕೆ ಬೆನ್ನು ಕೊಟ್ಟು ಮೂರು ಸಲ ಕೆಮ್ಮಿದ,
ಆಮೇಲೆ ತಿರುಗಿ, ಬೆರಳ ಗೆಣ್ಣಿನಿಂದ ತಟ್ಟಿದ,
ಸಂತೆಯಲ್ಲಿ ಹಲಸಿನಹಣ್ಣು ತಟ್ಟಿ ನೋಡುವ ಹಾಗೆ.
"ಗಟ್ಟಿ ಐತೆ."

ಹತ್ತುವಾಗ ದಾರಿಯುದ್ದಕ್ಕೂ ಹೇಳಿದ್ದು ಸಮುದ್ರದ ಊರಿನ ಮಾತು.
ಹದಿನೆಂಟು ವರ್ಷದ ಹಿಂದೆ ಲಾರಿಯಲ್ಲಿ
ಚಪ್ಪಡಿಗಳ ಮೇಲೆ ಮಲಗಿ ಮಹಾಬಲಿಪುರಕ್ಕೆ ಹೋಗಿದ್ದನಂತೆ.
ಶಿಲ್ಪಿಗಳ ಅಂಗಡಿಸಾಲಿಗೆ ಕಲ್ಲಿಳಿಸಿ, ಕೂಲಿ ಎಣಿಸಿಕೊಂಡು,
ಕೊರೆದ ಗುಡಿಗಳನ್ನು ನೋಡಲು ಓಡಿದ್ದ.
"ಬಂಡೆ ತುಂಬ ಜನ, ಅಮ್ಮಣ್ಣಿ! ಆನೆ ಮರಿಗಳು!
ಋಷಿ ಜೊತೆ ಬೆಕ್ಕೂ ತಪಸ್ಸು ಮಾಡ್ತೈತೆ!
ಉಪ್ಪುಗಾಳಿ ನೆಕ್ಕೀ ನೆಕ್ಕೀ
ಕೆಲವರ ಮೂಗು ಮುಖ ಸವೆಸಿಬುಟ್ಟೈತೆ.
ನಮ್ಮ ಕಡೆ ಗಾಳಿಗೆ ನಾಲಿಗೆ ಇಲ್ಲ, ಬರೀ ದೂಳು."

ಸಮುದ್ರ ಹೇಗಿತ್ತು?
"ಬೆನ್ನ ಹಿಂದೆ ಇತ್ತು. ಸದ್ದು ಕೇಳ್ತಿತ್ತು.
ಲಾರಿಯವನು ಹಾರನ್ ಹೊಡೆದ, ಬಂದ್ಬುಟ್ಟೆ."

ಗುಡಿಯ ಎಡಕ್ಕೆ, ಲಂಟಾನದ ಪೊದೆಯಾಚೆ, ಇನ್ನೊಂದು.
ಗುಡಿ ಅನ್ನುವಂತಿಲ್ಲ, ಶುರುವಾಗಿದ್ದು ಅಷ್ಟೇ.
ಬಾಗಿಲಿಗೆ ಗೆರೆ ಎಳೆದಿದೆ, ಬಾಗಿಲಿಲ್ಲ.
ಒಂದು ಕಂಬ ಸೊಂಟದವರೆಗೆ ಬಂಡೆಯಿಂದ ಎದ್ದು ಬಂದು
ಅಲ್ಲೇ ನಿಂತುಬಿಟ್ಟಿದೆ.
ಮೇಕೆ ಹಿಕ್ಕೆ, ಒಡೆದ ಶೀಸೆ,
ಪಾಸಾಗಲೆಂದು ಯಾರೋ ಇದ್ದಿಲಲ್ಲಿ ಬರೆದ
ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರು.

ಆ ಗುಡಿಯಲ್ಲಿ ಬಿಟ್ಟು ಮತ್ತೆ ಮೆಟ್ಟಿದ್ದ ಚಪ್ಪಲಿಯನ್ನು
ಗಂಗುಲಪ್ಪ ಇಲ್ಲಿ ಇನ್ನೊಮ್ಮೆ ಬಿಟ್ಟ.

ಬೆಣೆ ಹೊಡೆಯುವ ಗುಳಿಗಳ ಸಾಲು.
ಒಂದೊಂದಕ್ಕೂ ಬೆರಳಿಟ್ಟು ಎಣಿಸಿದ, ತೆಲುಗಿನಲ್ಲಿ
(ಅವನ ಲೆಕ್ಕವೆಲ್ಲ ತೆಲುಗು, ಬೈಗುಳ ಕನ್ನಡ).
ಹನ್ನೊಂದನೆಯದರಲ್ಲಿ ಬೆರಳು ನಿಂತಿತು.
ತೆಗೆದ. ಮತ್ತೆ ಇಟ್ಟ.
"ಇವನು ಎಡಚ.
ಉಳಿ ಬಿದ್ದಿರೋ ವಾಲು ನೋಡು, ಈ ಕಡೆಯಿಂದ.
ಇಲ್ಲಿಗಂಟ ಬೇರೆಯವನು."

ಆ ಬೇರೆಯವನು ಎಲ್ಲಿಗೆ ಹೋದ?
"ಜ್ವರ ಬಂದಿರ್ತದೆ.
ಚೂರು ಸಿಡಿದು ಕಣ್ಣಿಗೆ ಬಿದ್ದಿರ್ತದೆ.
ಕೂಲಿ ಕೊಟ್ಟಿರಾಕಿಲ್ಲ."
ಮೂರನೆಯ ಮಾತಿಗೆ ದನಿ ಏರಿತು,
ಕೊಡದವನು ಇನ್ನೂ ಕೆಳಗೆ ಊರಲ್ಲೇ
ಟೀ ಅಂಗಡಿ ಮುಂದೆ ಕೂತಿದ್ದಾನೆಂಬ ಹಾಗೆ.

ನನ್ನ ಪುಸ್ತಕದಲ್ಲಿ ರಾಜವಂಶಕ್ಕೆ ಒಂದು ಖಾನೆ,
ಶತಮಾನಕ್ಕೆ ಒಂದು ಖಾನೆ.
ಎಡಚನನ್ನು ಅಂಚಿನಲ್ಲಿ ಬರೆದುಕೊಂಡೆ, ಅಡ್ಡಡ್ಡ.

ನಾಲ್ಕು ಗಂಟೆಗೆ ಕ್ವಾರಿಯ ಸೈರನ್ನು.
ಅವನು ಅಂಗೈಯನ್ನು ಬಂಡೆಗೆ ಒತ್ತಿದ.
"ಬಂತು" ಅಂದ,
ನನ್ನ ಕಿವಿಗೆ ಇನ್ನೂ ಬಂದಿರಲಿಲ್ಲ.
ಆಮೇಲೆ ಸದ್ದು.
ಗುಳಿಗಳಲ್ಲಿ ನಿಂತ ಹಳೆಯ ಮಳೆನೀರು ನಡುಗಿ,
ಒಂದೊಂದಾಗಿ ಸುಮ್ಮನಾಯಿತು.
ಎಡಚನದು ಕೊನೆಗೆ.

"ನಮ್ಮದೇ. ಆರನೇ ನಂಬರ್ ಬಂಡೆ,"
ದಿಕ್ಕು ನೋಡದೆ ಹೇಳಿದ. ಕೆಮ್ಮಿದ.
ಮತ್ತೆ ಆ ಅರ್ಧ ಕಂಬದ ಹತ್ತಿರ ಹೋಗಿ
ಗೇಣು ಹಾಕಿ ಅಳೆದ, ಮೇಲಿಂದ ಕೆಳಕ್ಕೆ, ಸುತ್ತಲೂ,
ತುಟಿಯಲ್ಲೇ ಏನೋ ಗುಣಿಸಿದ.

"ಇಬ್ಬರು ಆಳು. ಒಳ್ಳೆ ಉಕ್ಕು. ನಾಲ್ಕು ತಿಂಗಳು.
ಮುಗಿಸಬೋದು.
ಕೂಲಿ ಮಾತ್ರ ಮೊದಲೇ ಕೊಡ್ಬೇಕು"
ಅಂದ, ನನ್ನನ್ನು ನೋಡದೆ,
ಬಂಡೆಗೆ.